ಮಾಸ್ತರರಿಗೆ ನಾನು ಕೊಟ್ಟ ವೀಳ್ಯ

ಕೊಟ್ಟ ವೀಳ್ಯವನ್ನು ಪರಸಪ್ಪ ಮಾಸ್ತರರು ತಿರುಗಿ ನನ್ನ ತಟ್ಟೆಯಲ್ಲಿಯೇ ಇಟ್ಟರು.

ಕಳೆದ ಗುರುವಾರದ ಮಾತಿದು. ಕಿರಿಯ ಮಗಳ ಮದುವೆ ಗೊತ್ತಾಗಿದೆ. (ಹುಡುಗ ಮುಂಡರಗಿಯವನು. ಬಸ್ಸು ಹತ್ತಿದರೆ ಒಂದು ತಾಸು. ನೆನಪಾದಾಗ ಹೋಗಿ ಮಗಳ ಮುಖ ನೋಡಿ ಬರಬಹುದು. ಶಿವ ಇಷ್ಟು ಮಾಡಿದನಲ್ಲ, ಸಾಕು.) ಕಲ್ಯಾಣ ಮಂಟಪ ಆಯಿತು, ಅಡಿಗೆಯವರು ಆದರು, ಇನ್ನು ಬ್ಯಾಂಡ್. ಬ್ಯಾಂಡ್ ಅಂದರೆ ನಮ್ಮ ಮನೆಗೆ ಪರಸಪ್ಪ ಮಾಸ್ತರರದೇ. ತಟ್ಟೆಯಲ್ಲಿ ಐದು ಎಲೆ, ಒಂದು ಅಡಿಕೆ, ಅರಿಷಿಣ-ಕುಂಕುಮ ಇಟ್ಟುಕೊಂಡು ಬೆಟಗೇರಿಯ ಅವರ ಓಣಿಗೆ ಹೋದೆ.

“ಮಾಸ್ತರ, ಎಲ್ಲಾರೂ ಬ್ಯಾಂಡಿಗೆ ವೀಳ್ಯಾ ಕೊಡತಾರ. ನಾ ನಿಮಗ ಕೊಡಾಕ ಬಂದೀನಿ. ದೊಡ್ಡಾಕಿ ಮದವ್ಯಾಗ ಊದಿದ್ರೆಲ್ಲ, ಸಣ್ಣಾಕಿಗೂ ನೀವ ಊದಬೇಕು” ಎಂದೆ.

ಅವರು ಎಲೆ ಎತ್ತಿ ಕಣ್ಣಿಗೊತ್ತಿಕೊಂಡರು. ಆಮೇಲೆ ಮೆಲ್ಲಗೆ ಕೆಳಗಿಟ್ಟರು.

ಇದು ಎಂಥ ಮಾತು ಎಂದು ನಮ್ಮ ಕಡೆಯವರಿಗೆ ಗೊತ್ತು. ಬೇರೆ ಕಡೆಯವರಿಗಾಗಿ ಹೇಳುತ್ತೇನೆ. ಬ್ಯಾಂಡಿನವರನ್ನು ಗೊತ್ತು ಮಾಡುವುದು ಎಂದರೆ ವೀಳ್ಯ ಕೊಡುವುದು. ಕಾಗದವಿಲ್ಲ, ಸಹಿಯಿಲ್ಲ. ಎಲೆ-ಅಡಿಕೆಯನ್ನು ಕಣ್ಣಿಗೊತ್ತಿ ಕಿಸೆಗೆ ಹಾಕಿಕೊಂಡರೆ ಮುಗಿಯಿತು. ಮಳೆ ಬರಲಿ, ಜ್ವರ ಬರಲಿ, ಆ ದಿನ ಆ ಮನೆಯ ಮುಂದೆ ಬ್ಯಾಂಡ್ ನಿಲ್ಲಲೇಬೇಕು. ತನ್ನ ಸ್ವಂತ ಮಗಳ ತೊಟ್ಟಿಲು ಕಾರ್ಯಕ್ರಮ ಬಿಟ್ಟು ಶಿರಹಟ್ಟಿಯ ಯಾರದೋ ಮದುವೆಗೆ ಊದಲು ಹೋದ ಮನುಷ್ಯ ಈ ಮಾಸ್ತರರು. ಯಾಕೆ? ಶಿರಹಟ್ಟಿಯವರ ವೀಳ್ಯ ಮೊದಲು ಹಿಡಿದಿದ್ದರು, ಅದಕ್ಕೆ. ಅಂಥವರು ನನ್ನ ವೀಳ್ಯ ಇಳಿಸಿದರು.

“ಬ್ಯಾಂಡ್ ಬರತೈತ್ರಿ ಅಕ್ಕಾರ, ಅದರ ಚಿಂತಿ ಬಿಡ್ರಿ. ಆದ್ರ ನೀವು ನನ್ನ ಊದಾಕ ಕರ್ಯಾಕ ಬಂದೀರಿ. ಆ ವೀಳ್ಯಾ ನಾ ಹಿಡಿಯಾಂಗಿಲ್ಲ.”

ಸಿಟ್ಟೇನಾದರೂ ಬಂದಿದೆಯೇ ಎಂದು ಕೇಳಿದೆ. ಛೇ ಛೇ, ಸಿಟ್ಟು ಯಾತಕ್ಕೆ ಎಂದು ನಕ್ಕರು. ಅಕ್ಕಾವರಿಗೆ ಚಹಾ ಮಾಡು ಎಂದು ಹೆಂಡತಿ ರೇಣವ್ವನನ್ನು ಕೂಗಿ, ಕಲಿಯಲು ಬಂದವರು ಕಾಯುತ್ತಿದ್ದಾರೆಂದು ಮಗ್ಗುಲ ಖೋಲಿಗೆ ಎದ್ದು ಹೋದರು. ತಟ್ಟೆ ಹಿಡಿದುಕೊಂಡು ಪಡಸಾಲೆಯಲ್ಲಿ ನಾನೊಬ್ಬಳೇ.

ಈ ಮಾಸ್ತರರು ಯಾರು ಎಂದು ಮೊದಲು ಹೇಳಬೇಕು.

ಹದಿನೇಳರ ಹರೆಯದಲ್ಲಿ ಸೋದರಮಾವನ ಬೆನ್ನು ಹತ್ತಿ ಮುಂಬೈ ಕಂಡವರು. ಮಾವ ಅಲ್ಲಿ ಮದುವೆ ಬ್ಯಾಂಡಿನಲ್ಲಿ ದೊಡ್ಡ ಡ್ರಮ್ ಬಾರಿಸುತ್ತಿದ್ದರು. ಪಕ್ಕದ ಖೋಲಿಯಲ್ಲಿ ಗೋವಾದ ಹಿರಿಯರೊಬ್ಬರಿದ್ದರು. ದೊಡ್ಡ ಹೋಟೆಲಿನಲ್ಲಿ ಜಾಝ್ ನುಡಿಸುವ ಟ್ರಂಪೆಟ್ಟಿನವರು. ಆ ಸದ್ದಿಗೆ ಮನಸೋತು ಮಾಸ್ತರರು ಅವರ ಬಾಗಿಲಲ್ಲಿ ಕುಳಿತೇ ಬಿಟ್ಟರಂತೆ. ಗುರುಗಳು ಮೊದಲ ಒಂದು ವರ್ಷ ಟ್ರಂಪೆಟ್ ಮುಟ್ಟಿಸಲಿಲ್ಲ. ಬರೀ ಅದರ ಬಾಯಿತುಂಡು ಕೊಟ್ಟು ತುಟಿ ಪಳಗಿಸಿದರು. ಒಂದು ವರ್ಷ! ನಮ್ಮ ಮಕ್ಕಳು ಒಂದು ತಿಂಗಳ ಕೀಬೋರ್ಡ್ ಕ್ಲಾಸಿಗೇ ಸರ್ಟಿಫಿಕೇಟ್ ಕೇಳುತ್ತವೆ.

ಆಮೇಲೆ ಅದೇ ಹೋಟೆಲಿನಲ್ಲಿ ಕರೀ ಕೋಟು ಹಾಕಿಕೊಂಡು ಗುರುಗಳ ಮಗ್ಗುಲಲ್ಲೇ ನಿಂತು ಊದಿದರು. ಹೋಟೆಲಿನವರಿಗೆ ಬ್ಯಾಂಡ್ ಬೇಡವಾದ ಮೇಲೆ ಒಂದು ಟ್ರಂಪೆಟ್, ಒಂದು ಟ್ರಂಕಿನ ತುಂಬ ಸ್ವರ ಬರೆದ ಹಾಳೆ ತೆಗೆದುಕೊಂಡು ಬೆಟಗೇರಿಗೆ ಬಂದರು. ಮಗ್ಗ ಬಿಟ್ಟ ಆರು ಮಂದಿ ನೇಕಾರರನ್ನು ಕೂಡಿಸಿ ಬ್ಯಾಂಡ್ ಕಂಪನಿ ಕಟ್ಟಿದರು. ಅವರಿಗೆ ಮೊದಲ ವೀಳ್ಯ ಹೋದದ್ದು ನಮ್ಮ ಮನೆಯಿಂದ. ನನ್ನ ನಾದಿನಿಯ ಮದುವೆಗೆ. ಅಂದಿನಿಂದ ನಮ್ಮ ಮನೆಯವರು ಏನು ಹೇಳಿದರೂ ಅವರು ಇಲ್ಲ ಅನ್ನುವುದಿಲ್ಲ.

(ಇಲ್ಲ ಅನ್ನದವರ ಹತ್ತಿರ ನಾವು ಎಷ್ಟು ಹುಷಾರಾಗಿ ಮಾತಾಡಬೇಕು! ಆ ಬುದ್ಧಿ ನನಗೆ ಈಗ ಬಂದಿದೆ.)

ಮದುವೆ ಇಲ್ಲದ ದಿನ ಕಲಿಸುವುದು. ಅವರ ಕೈಯಲ್ಲಿ ಕಲಿತವರು ಪೊಲೀಸ್ ಬ್ಯಾಂಡಿನಲ್ಲಿದ್ದಾರೆ, ಮಿಲಿಟರಿಯಲ್ಲಿದ್ದಾರೆ. ಭಾನುವಾರ ಹುಲಕೋಟಿಯಿಂದ, ಕುರ್ತಕೋಟಿಯಿಂದ ಹೆಣ್ಣುಮಕ್ಕಳೂ ಬರುತ್ತಾರೆ.

ಜಾಝ್ ಅಂದರೆ ಏನು ಎಂದು ಒಮ್ಮೆ ಕೇಳಿದ್ದೆ. ನನಗೆ ಭಜನೆ ಬಿಟ್ಟರೆ ಬೇರೆ ಸಂಗೀತ ಗೊತ್ತಿಲ್ಲ. ಅವರು ತಡವರಿಸಲಿಲ್ಲ. “ಶ್ರಾವಣದಾಗ ಪುರಾಣ ಕೇಳಾಕ ಹೋಗತೀರೆಲ್ರಿ ಅಕ್ಕಾರ? ಸ್ವಾಮಿಗೋಳು ಒಂದ ವಚನಾ ಹಿಡಕೊಂಡು ಒಂದ ತಾಸು ಹೇಳತಾರ. ನಡುವ ಹೊಲದ ಮಾತು ಬರತೈತಿ, ಅತ್ತಿ-ಸೊಸಿ ಜಗಳಾ ಬರತೈತಿ. ಕಡೀಕೆ ಅದ ವಚನಕ್ಕ ಬಂದು ನಿಂದರತಾರ. ಇದೂ ಹಂಗ.”

ಅದನ್ನು ನಾನು ಕಣ್ಣಾರೆ ಕಂಡದ್ದು ಹಿರಿಯ ಮಗಳ ಮದುವೆಯಲ್ಲಿ, ಲಕ್ಷ್ಮೇಶ್ವರದಲ್ಲಿ. ವರ ಕುದುರೆ ಹತ್ತಿ ಹನಮಪ್ಪನ ಗುಡಿಗೆ ಹೊರಟಿದ್ದ. ಮುಂದೆ ಬ್ಯಾಂಡ್. ನಾವು ಸೋಮವಾರ ಭಜನೆಯಲ್ಲಿ ಹಾಡುವ ಹಾಡೊಂದನ್ನು ಮಾಸ್ತರರು ಎತ್ತಿಕೊಂಡರು. ಮೊದಲ ಸಾಲು ಸರಿಯಾಗಿಯೇ ಇತ್ತು. ಎರಡನೆಯ ಸಾಲಿಗೆ ಹಾಡು ಕೈಬಿಟ್ಟು ಹೊರಟೇಹೋಯಿತು. ಉಳಿದ ವಾದ್ಯದವರು ನಿಂತಲ್ಲೇ ತಾಳ ಹಿಡಿದರು. ಮೆರವಣಿಗೆ ನಿಂತಿತು, ಕುದುರೆ ನಿಂತಿತು. ಬಾಳೆಹಣ್ಣಿನ ಗಾಡಿಯವಳು ಗಿರಾಕಿ ಬಿಟ್ಟು ಬಂದಳು. ಬೀಗರು ಗಡಿಯಾರ ನೋಡಿದರು. ನಮ್ಮ ಯಜಮಾನರು ಓಡಿಹೋಗಿ, ಮುಹೂರ್ತ ಮೀರುತ್ತದೆ, ಜಲ್ದಿ ಮುಗಿಸಿರಿ ಎಂದು ಕಿವಿಯಲ್ಲಿ ಹೇಳಿ ಬಂದರು. ಮಾಸ್ತರರು ಟ್ರಂಪೆಟ್ ಬಾಯಲ್ಲಿಟ್ಟುಕೊಂಡೇ ಕಣ್ಣಿನಲ್ಲಿ ಒಂದು ನಿಮಿಷ ಎಂದರು. ಆ ಒಂದು ನಿಮಿಷ ಕಾಲು ತಾಸು ನಡೆಯಿತು.

ನಾನು ಆರತಿ ತಟ್ಟೆ ಹಿಡಿದುಕೊಂಡು ನಿಂತಿದ್ದೆ. ದೀಪ ಆರಿದ್ದೂ ಗೊತ್ತಾಗಲಿಲ್ಲ. ಮೂವತ್ತು ವರ್ಷದಿಂದ ಹಾಡಿದ ಹಾಡು ಅದು. ಅದರಲ್ಲಿ ಅಷ್ಟು ಜಾಗ ಇದೆ ಎಂದು ನನಗೆ ಯಾರೂ ಹೇಳಿರಲಿಲ್ಲ.

ಇನ್ನು ಹೇಳಲು ನಾಚಿಕೆಯಾಗುವ ಮಾತು. ಆದರೂ ಹೇಳುತ್ತೇನೆ.

ಎರಡು ವರ್ಷದ ಹಿಂದೆ ಶ್ರಾವಣದಲ್ಲಿ ನಮ್ಮ ಮಹಿಳಾ ಮಂಡಳದವರು ಗುಡಿಯ ಸಭಾಭವನದಲ್ಲಿ ದಂತ ಶಿಬಿರ ನಡೆಸಿದೆವು. ಹಲ್ಲು ಕೀಳುವುದು, ಹೊಸ ಹಲ್ಲಿನ ಸೆಟ್ ಕೂಡಿಸುವುದು, ಎಲ್ಲ ಧರ್ಮಾರ್ಥ. ಮನೆಮನೆಗೆ ಹೋಗಿ ಹೆಸರು ಬರೆಯುವ ಕೆಲಸ ನನ್ನದು. ಪಟ್ಟಿ ಉದ್ದವಾದಷ್ಟೂ ಪುಣ್ಯ ಉದ್ದವಾಗುತ್ತದೆ ಎಂಬ ಉತ್ಸಾಹ.

ಮಾಸ್ತರರ ಒಸಡು ಕೆಟ್ಟಿತ್ತು. ಹಲ್ಲು ಅಲುಗುತ್ತಿದ್ದವು. ಖಡಕ್ ರೊಟ್ಟಿಯನ್ನು ಸಾರಿನಲ್ಲಿ ನೆನೆಸಿ ತಿನ್ನುತ್ತಾರೆಂದು ರೇಣವ್ವ ಹೇಳಿದ್ದಳು. ನನಗೆ ಅಷ್ಟೇ ಸಾಕಾಯಿತು. ಹೆಸರು ಬರೆದೆ.

“ಹಿಂದಿನವು ಬೇಕಾರ ತೆಗೀಲಿ ಅಕ್ಕಾರ. ಮುಂದಿನವು ಇರಲಿ. ಅವು ನನಗ ಬೇಕಾಗತಾವು” ಎಂದರು.

ನಾನು ಏನೆಂದೆ ಗೊತ್ತೇ? ಈ ವಯಸ್ಸಿನಲ್ಲಿ ನಿಮ್ಮ ಚೆಂದ ಯಾರು ನೋಡುತ್ತಾರೆ ಮಾಸ್ತರ, ಸೆಟ್ ಹಾಕಿದರೆ ಇದಕ್ಕಿಂತ ಬೆಳ್ಳಗೆ ಕಾಣುತ್ತೀರಿ ಎಂದೆ. ಜೊತೆಗಿದ್ದ ಹೆಂಗಸರು ನಕ್ಕರು. ಮಾಸ್ತರರೂ ನಕ್ಕರು. ಆದರೆ ಹೂಂ ಅನ್ನಲಿಲ್ಲ.

ಅಲ್ಲಿಗೆ ಬಿಡಬೇಕಿತ್ತು. ಬಿಡಲಿಲ್ಲ. ರೇಣವ್ವನ ತಬಕದಿಂದ ಎಲೆ-ಅಡಿಕೆ ತೆಗೆದುಕೊಂಡೆ. ಶಿಬಿರದ ಚೀಟಿಯನ್ನು ಅದರ ಮೇಲಿಟ್ಟೆ. “ತೊಗೋರಿ, ವೀಳ್ಯಾ ಕೊಟ್ಟೀನಿ. ಇನ್ನ ತಪ್ಪಸೂ ಹಂಗಿಲ್ಲ” ಎಂದು ಅವರ ಕೈಗೆ ಕೊಟ್ಟೆ.

ನನಗೆ ಅದು ಚೇಷ್ಟೆ. ಅವರಿಗೆ ಅಲ್ಲ. ಕ್ಷಣ ಹೊತ್ತು ಎಲೆಯನ್ನೇ ನೋಡಿದರು. ಕಣ್ಣಿಗೊತ್ತಿಕೊಂಡು ಕಿಸೆಗಿಟ್ಟುಕೊಂಡರು. ಶಿಬಿರದ ದಿನ ಎಲ್ಲರಿಗಿಂತ ಮೊದಲು ಬಂದು ಸಾಲಿನಲ್ಲಿ ಕುಳಿತಿದ್ದರು.

ಡಾಕ್ಟರ್ ಹೊರಗಿನಿಂದ ಬಂದವರು, ಸಣ್ಣ ವಯಸ್ಸಿನ ಹೆಣ್ಣುಮಗಳು. ಅವರದೇನೂ ತಪ್ಪಿಲ್ಲ. ಬಾಯಿ ನೋಡಿದರು. ಮೇಲಿನ ಹಲ್ಲು ಎಲ್ಲವೂ ಅಲುಗುತ್ತಿವೆ, ಮುಂದಿನ ಎರಡಕ್ಕೆ ಇನ್ನೂ ಸ್ವಲ್ಪ ಜೀವವಿದೆ, ಔಷಧಿ ಹಚ್ಚಿ ಕೆಲವು ವರ್ಷ ಉಳಿಸಿಕೊಳ್ಳಬಹುದು, ಆದರೆ ಸೆಟ್ ಕೂಡಿಸುವುದಾದರೆ ಎಲ್ಲ ತೆಗೆಯುವುದೇ ಸರಳ ಎಂದರು. ಆಮೇಲೆ ಸರಿಯಾದ ಪ್ರಶ್ನೆಯನ್ನೇ ಕೇಳಿದರು. ನಿಮ್ಮ ಕೆಲಸ ಏನು?

ಮಾಸ್ತರರು ಬಾಯಿ ತೆರೆದುಕೊಂಡು ಕುರ್ಚಿಯಲ್ಲಿ ಒರಗಿದ್ದರು. ಪಕ್ಕದಲ್ಲಿ ಪಟ್ಟಿ ಹಿಡಿದುಕೊಂಡು ನಾನು ನಿಂತಿದ್ದೆ.

“ಬ್ಯಾಂಡ್ ಕಂಪನಿ ಮಾಲಕರ್ರಿ ಇವರು” ಎಂದೆ.

ಮಾಲಕರು! ಊದುವವರು ಅನ್ನಲು ನನಗೆ ನಾಲಿಗೆ ಹೊರಳಲಿಲ್ಲ. ನಾಲ್ಕು ಜನರ ಮುಂದೆ ಅವರಿಗೊಂದು ಮರ್ಯಾದೆ ಇರಲಿ ಅನ್ನಿಸಿತು. ಊದುವವರು ಅಂದರೆ ಮರ್ಯಾದೆ ಕಡಿಮೆಯಾಗುತ್ತದೆ ಎಂದು ನನ್ನ ತಲೆಯಲ್ಲಿ ತುಂಬಿದವರು ಯಾರು? ಅಂಜುತ್ತಾರೆ, ಎಲ್ಲ ತೆಗೆದುಬಿಡಿರಿ ಎಂದೂ ಸೇರಿಸಿದೆ. ಮಾಸ್ತರರು ಕೈ ಎತ್ತಿದಂತೆ ನೆನಪು. ಕುರ್ಚಿಯ ಹಿಡಿಕೆ ಹಿಡಿಯಲು ಎಂದುಕೊಂಡೆ.

ನನ್ನನ್ನು ಓದುವವರಿಗೆ ಗೊತ್ತು, ಸಂಜೆ ದೀಪ ಹಚ್ಚುವಾಗ ಆ ದಿನ ದೇವರು ಮಾಡಿದ ಸಣ್ಣ ಸಣ್ಣ ಉಪಕಾರ ಎಣಿಸುವ ರೂಢಿ ನನ್ನದು. ಅವತ್ತಿನ ಲೆಕ್ಕ ನೆನಪಿದೆ. ಹನ್ನೆರಡು ದಿನದ ಮೇಲೆ ನಳಕ್ಕೆ ನೀರು ಬಂತು. ಯಜಮಾನರ ಬಿಪಿ ಇಳಿಯಿತು. ಪರಸಪ್ಪ ಮಾಸ್ತರರ ಹಲ್ಲಿನ ಕಷ್ಟ ಕಳೆಯಿತು. ಮೂರು.

ಆಮೇಲಿನ ಎರಡು ವರ್ಷ ಏನು ನಡೆಯಿತು ಎಂಬುದು ನನಗೆ ತಿಳಿದದ್ದು ಕಳೆದ ಗುರುವಾರ, ರೇಣವ್ವನ ಅಡಿಗೆಮನೆಯಲ್ಲಿ. ವೀಳ್ಯ ಯಾಕೆ ಇಳಿಸಿದರು ಎಂದು ಕೇಳಿದೆ. ಅವಳು ಚಹಾ ಸೋಸುವುದನ್ನು ನಿಲ್ಲಿಸಿ ನನ್ನ ಮುಖ ನೋಡಿದಳು.

“ನಿಮಗ ಖರೇನ ಗೊತ್ತಿಲ್ಲೇನ್ರಿ ಯಕ್ಕಾ? ಅವ್ರು ಊದೂದು ಬಿಟ್ಟು ಒಂದೂವರಿ ವರ್ಷ ಆತು.”

ಅವಳು ಹೇಳಿದ್ದನ್ನು ನನ್ನ ಮಾತಿನಲ್ಲಿ ಹೇಳುತ್ತೇನೆ. ಟ್ರಂಪೆಟ್ ಊದುವಾಗ ಬಾಯಿತುಂಡು ತುಟಿಯನ್ನು ಒತ್ತುತ್ತದೆ. ತುಟಿಯ ಹಿಂದೆ ಆಸರೆಯಾಗಿ ನಿಲ್ಲುವುದು ಮುಂದಿನ ಹಲ್ಲು. ಸೆಟ್ ಆ ಒತ್ತಡಕ್ಕೆ ನಿಲ್ಲುವುದಿಲ್ಲ, ಮೇಲೇಳುತ್ತದೆ. ಗಾಳಿ ಸೋರುತ್ತದೆ. ಸೆಟ್ ಹಿಡಿಯುವ ಪುಡಿ ಹಾಕಿದರು, ಅರಿವೆ ತುಂಡು ಇಟ್ಟು ನೋಡಿದರು. ತುಟಿ ಒಡೆದು ರಕ್ತ ಬಂತು. ಆರು ತಿಂಗಳು ಬಿಡದೆ ಒದ್ದಾಡಿದರು. ಒಂದು ಮೆರವಣಿಗೆಯಲ್ಲಿ ಎತ್ತರದ ಸ್ವರಕ್ಕೆ ಹೋದಾಗ ಸೆಟ್ ಜಾರಿ ಹೊರಬಂತು. ಜನ ನಕ್ಕರು. ಅಂದಿನಿಂದ ಕೈಯಲ್ಲಿ ಕೋಲು ಹಿಡಿದು ಬ್ಯಾಂಡಿನ ಮುಂದೆ ನಡೆಯುತ್ತಾರೆ, ಅಷ್ಟೇ.

ನಾನು ಅದನ್ನು ನೋಡಿದ್ದೆ. ಮಾಸ್ತರರು ಈಗ ದೊಡ್ಡವರಾದರು, ಬರೀ ಕೋಲು ಆಡಿಸುತ್ತಾರೆ ಎಂದು ಖುಷಿಪಟ್ಟಿದ್ದೆ.

ಅಷ್ಟೇ ಅಲ್ಲ. ಶಿಬಿರಕ್ಕೆ ಎರಡು ತಿಂಗಳು ಮುಂಚೆ ಮುಂಬೈಯಿಂದ ಅವರಿಗೆ ಕರೆ ಬಂದಿತ್ತಂತೆ. ಗುರುಗಳು ಹುಟ್ಟಿ ನೂರು ವರ್ಷ. ಶಿಷ್ಯರೆಲ್ಲ ಕೂಡಿ ಒಂದು ಸಂಜೆ ನುಡಿಸುವುದು, ಪರಸಪ್ಪ ಒಬ್ಬನೇ ನುಡಿಸಲು ಇಷ್ಟು ಹೊತ್ತು ಎಂದು ಬಿಟ್ಟಿದ್ದರು. ಅದಕ್ಕಾಗಿ ದಿನಾ ಬೆಳಗಿನ ಜಾವ ಮಾಳಿಗೆ ಮೇಲೆ ಪ್ರಾಕ್ಟೀಸ್ ನಡೆದಿತ್ತು. ನಮ್ಮ ಮನೆ ಎರಡು ಓಣಿ ಆಚೆ. ಪೂಜೆಗೆ ಕುಳಿತಾಗ ಕೇಳುತ್ತಿತ್ತು. ಆಮೇಲೆ ನಿಂತಿತು. ನಿಂತದ್ದು ನನ್ನ ಲಕ್ಷ್ಯಕ್ಕೇ ಬರಲಿಲ್ಲ.

ಮುಂಬೈಗೆ ಹೋದರೇನು ಎಂದು ಕೇಳಿದೆ.

“ಹೋದ್ರು. ಹೋಗಲಾರದ ಇರತಾರೇನ್ರಿ, ಗುರುಗಳ ಕೆಲಸಾ. ಟ್ರಂಪೆಟ್ ಪೆಟ್ಟಗಿ ತೊಗೊಂಡ ಹೋಗಿ, ಪೆಟ್ಟಗಿ ತೆಗೀಲಾರದ ಬಂದ್ರು.”

ಚಹಾ ಆರಿತು. ನಾನು ಕುಡಿಯಲಿಲ್ಲ. ನನಗೆ ಬೈಯಬಾರದಿತ್ತೇ ರೇಣವ್ವ, ಒಂದು ಸಲ ಮನೆಗೆ ಬಂದು ಜಗಳ ತೆಗೆಯಬಾರದಿತ್ತೇ ಎಂದೆ. ಅವಳಿಗೂ ಆ ಮನಸ್ಸಾಗಿತ್ತಂತೆ. ಗಂಡ ಬಿಡಲಿಲ್ಲ. ಅಕ್ಕಾವರು ಒಳ್ಳೆಯದಕ್ಕೇ ಮಾಡಿದ್ದಾರೆ ಎಂದರಂತೆ.

ಒಳ್ಳೆಯದಕ್ಕೇ! ಈ ಮಾತು ಎಷ್ಟು ತಪ್ಪುಗಳನ್ನು ಹೊದಿಸಿ ಮಲಗಿಸಿದೆಯೋ! ನಾವು ಹೆಂಗಸರು ದಿನಬೆಳಗಾದರೆ ಇದನ್ನೇ ಮಾಡುತ್ತೇವಲ್ಲವೇ? ನಮ್ಮ ಅತ್ತೆಯವರ ಹಳೆಯ ಕೌದಿ ನಾರುತ್ತದೆ ಎಂದು ನಾನೇ ಒಮ್ಮೆ ಎಸೆದು ಮೆತ್ತನೆಯ ಬ್ಲಾಂಕೆಟ್ ತಂದುಕೊಟ್ಟೆ. ಆ ಕೌದಿಯಲ್ಲಿ ಅವರ ತಾಯಿಯ ಸೀರೆಯ ತುಂಡುಗಳಿದ್ದವು. ಎಸೆದ ಮೇಲೆ ತಿಳಿಯಿತು. ಬೇಡ ಎಂದು ಅವರು ಒಂದು ಸಲ ಅಂದಿದ್ದರು. ಎರಡನೆಯ ಸಲ ಅನ್ನುವ ಶಕ್ತಿ ಎಲ್ಲರಿಗೂ ಇರುವುದಿಲ್ಲ. ನಾವು ಮಾತ್ರ ಎರಡನೆಯ ಸಲಕ್ಕೆ ಕಾಯುತ್ತೇವೆ. ಅದು ಬರದಿದ್ದರೆ ಒಪ್ಪಿಗೆ ಎಂದು ಬರೆದುಕೊಳ್ಳುತ್ತೇವೆ.

ನಾನು ದೇವರನ್ನು ನಂಬಿದವಳು. ಕೆಟ್ಟದ್ದು ಮಾಡಬೇಡ ಎಂದು ಚಿಕ್ಕಂದಿನಿಂದ ಕೇಳಿ ಬೆಳೆದವಳು. ಒಳ್ಳೆಯದು ಮಾಡುವಾಗಲೂ ಅಂಜಬೇಕು ಎಂದು ಯಾವ ಪ್ರವಚನದಲ್ಲೂ ಕೇಳಿದ ನೆನಪಿಲ್ಲ. ಅಥವಾ ಸ್ವಾಮಿಗಳು ಹೇಳಿದ್ದರೇನೋ. ನಾನು ಆ ಹೊತ್ತಿಗೆ ಪ್ರಸಾದದ ವ್ಯವಸ್ಥೆಗೆಂದು ಎದ್ದು ಹೋಗಿರಬೇಕು.

ಪಾಠ ಮುಗಿಸಿ ಮಾಸ್ತರರು ಒಳಗೆ ಬಂದರು. ನನ್ನ ಮುಖ ನೋಡಿದ ಕೂಡಲೇ ಹೆಂಡತಿ ಎಲ್ಲ ಹೇಳಿದ್ದಾಳೆಂದು ತಿಳಿದು ಅವಳ ಕಡೆಗೆ ಕಣ್ಣು ಬಿಟ್ಟರು. ನಾನು ಕೈ ಮುಗಿದೆ. ತಪ್ಪಾಯಿತು ಎಂದೆ. ಅವರಿಗೇ ಗಾಬರಿಯಾಯಿತು.

“ಕೈ ಮುಗೀಬ್ಯಾಡ್ರಿ ಅಕ್ಕಾರ. ಈಗ ರೊಟ್ಟಿ ಛಲೋ ಕಡಿಯಾಕ ಬರತೈತಿ. ಅದೇನ ಸುಳ್ಳಲ್ಲ.”

“ಹೌದ ಬಿಡ್ರಿ” ಎಂದಳು ರೇಣವ್ವ. “ಮೊದಲ ಎರಡು ರೊಟ್ಟಿ ಬಡದ್ರ ಸಾಕಾಗತಿತ್ತು. ಈಗ ನಾಕ ಬಡೀಬೇಕು. ಹಲ್ಲು ಅವರಿಗೆ ಬಂದಾವು, ತೋಳು ನನ್ನವು ಹೋಗ್ಯಾವು.”

ಮೂವರೂ ನಕ್ಕೆವು.

ಆಮೇಲೆ ಮಾಸ್ತರರು ಎದ್ದು ಟ್ರಂಕಿನಿಂದ ಒಂದು ದಪ್ಪ ನೋಟ್‌ಬುಕ್ ತೆಗೆದರು. ಊದುವುದು ನಿಂತ ಮೇಲೆ ಬರೆಯಲು ಕುಳಿತಿದ್ದಾರೆ. ಟ್ರಂಪೆಟ್ ಕಲಿಯುವವರಿಗೆ ಕನ್ನಡದಲ್ಲಿ ಒಂದು ಪುಸ್ತಕ. ತುಟಿ ಹೇಗೆ ಹಿಡಿಯಬೇಕು, ಉಸಿರು ಎಲ್ಲಿಂದ ಬರಬೇಕು, ಹಾಡು ಬಿಟ್ಟು ಹೋದವನು ತಿರುಗಿ ಹಾಡಿಗೆ ಹೇಗೆ ಬರಬೇಕು, ಎಲ್ಲ ಇದೆ. ಪೇಪರಿನಲ್ಲಿ ಬರೆಯುವವರು ನೀವು, ನನ್ನ ಕನ್ನಡ ಅಷ್ಟಕ್ಕಷ್ಟೆ, ಮದುವೆ ಮುಗಿದ ಮೇಲೆ ಸಾವಕಾಶವಾಗಿ ನೋಡಿರಿ ಎಂದು ನನ್ನ ಕೈಗಿಟ್ಟರು. ತಪ್ಪು ಕಂಡಲ್ಲಿ ತಿದ್ದಬೇಕಂತೆ.

ಮದುವೆಯವರೆಗೆ ಕಾಯಲಾಗಲಿಲ್ಲ. ಮರುದಿನ ಮಧ್ಯಾಹ್ನವೇ ಹಪ್ಪಳದ ಹಿಟ್ಟು ಬದಿಗಿಟ್ಟು ತೆರೆದೆ. ಅಕ್ಷರ ದುಂಡಗಿವೆ. ಕಾಗುಣಿತದ ತಪ್ಪು ಅಲ್ಲೊಂದು ಇಲ್ಲೊಂದು. ತಿದ್ದುತ್ತ ಹೋದೆ. ಮುಂಬೈ ಗುರುಗಳ ಹೆಸರು ಬಂದಲ್ಲೆಲ್ಲ ಮೊದಲು ಶ್ರೀ ಎಂದು ಬರೆದಿದ್ದಾರೆ. ನನ್ನ ಹೆಸರು ಎಲ್ಲಿಯೂ ಇಲ್ಲ. ಶಿಬಿರದ ಸುದ್ದಿ ಇಲ್ಲ. ಆದರೆ ಹಲ್ಲಿನ ಬಗ್ಗೆ ಒಂದು ಪುಟ ಇದೆ. ಅದರ ಕೊನೆಗೆ ಹೀಗಿದೆ:

“ಹಲ್ಲಿನ ಡಾಕ್ಟರರ ಹತ್ತಿರ ಹೋದಾಗ ನಾನು ಟ್ರಂಪೆಟ್ ಊದುವವನು ಎಂದು ಮೊದಲಿಗೇ ಹೇಳಿರಿ. ನಿಮ್ಮ ಬಾಯಿಂದಲೇ ಹೇಳಿರಿ. ಯಾರ ದಾಕ್ಷಿಣ್ಯವನ್ನೂ ನೋಡಬೇಡಿರಿ.”

ನಾಲ್ಕು ದಿನದಿಂದ ಪೆನ್ನು ಆ ಪುಟ ದಾಟಿಲ್ಲ. ಅಲ್ಲಿ ಅಕ್ಷರ ಒಂದೂ ತಪ್ಪಿಲ್ಲ. ತಪ್ಪಿದವಳು ನಾನು, ಎಲ್ಲಿ ತಿದ್ದಲಿ?